ಮೂವತ್ತು ಕಂಡಿಕೆಯ ಮಧ್ಯಾಹ್ನ

ಆಗ ನನಗೆ ಐವತ್ತನಾಲ್ಕು ವರ್ಷ. ಇದು ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಕೂಡಿಸಿ ನೋಡುವ ಕಷ್ಟ ನಿಮಗೆ ಬೇಡ, ಈಗ ಎಪ್ಪತ್ತೇಳು. ಹಲ್ಲು ಹನ್ನೊಂದು ಉಳಿದಿವೆ. ಕಣ್ಣು ಎರಡರಲ್ಲಿ ಒಂದು ಕೆಲಸಕ್ಕೆ ಬರುತ್ತದೆ.

ಮೊನ್ನೆ ಮೊಮ್ಮಗಳು ನೀಲಾ ನನ್ನ ಹಳೆಯ ಕಂಡಿಕೆ ಬುಟ್ಟಿಯನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಬೋರಲು ಹಾಕಿದಳು. ಖಾಲಿ ಕಂಡಿಕೆಗಳು, ತುಂಡು ನೂಲು, ಜಿರಲೆ ಕಡಿದ ರೇಷ್ಮೆಯ ಲಡಿ. ಅವುಗಳ ನಡುವಿನಿಂದ ಔಷಧದ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವೊಂದು ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಗೊಂಬೆಯ ಬಟ್ಟಲಿನಷ್ಟಿದೆ. ಮೈಮೇಲೆ ಅಳತೆಯ ಗೆರೆಗಳಿವೆ. ಕೆಳಗಿನಿಂದ ಎರಡನೆಯ ಗೆರೆಗೆ ಯಾರೋ ಕೆಂಪು ನೂಲು ಸುತ್ತಿ ಗಂಟು ಹಾಕಿದ್ದಾರೆ. ಯಾರೋ ಏನು, ನಾನೇ. ಮೂಸಿ ನೋಡಿದೆ. ಧೂಳಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

"ಆಯಿ, ಇದನ್ನ ಚೆಲ್ಲಲೇನು?"

"ಚೆಲ್ಲಿದ್ರ ಕೈ ಮುರಿತೀನಿ."

"ಹಂಗಾರ ಇದರ ಕತಿ ಬರಿ. ಬಾಯಿಲೆ ಹೇಳಬ್ಯಾಡ. ಬಾಯಿಲೆ ಹೇಳುವಾಗ ನೀ ನಡುನಡುಕ ಹಾರಸ್ತಿ."

ಹಾರಿಸುತ್ತೇನೆ, ಖರೆ. ಈ ಸಲ ಹಾರಿಸುವುದಿಲ್ಲ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸಿ ಕೂಡಿಸಿ ಬರೆದಿದ್ದೇನೆ. ತಪ್ಪಿದ್ದಲ್ಲಿ ನೀಲಾ ತಿದ್ದಬಹುದು, ಮಾತನ್ನು ಮಾತ್ರ ತಿದ್ದಬಾರದು ಎಂದು ನಮ್ಮಿಬ್ಬರ ಕರಾರು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ. ನಮ್ಮ ಯಜಮಾನರು ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆಂದರೆ ಓಣಿಯಲ್ಲಿ ಕಲ್ಲು ಬಿದ್ದರೂ ತಲೆ ಎತ್ತುವವರಲ್ಲ. ಅವರ ಲಾಳಿಯ ಹೊಟ್ಟೆಯಲ್ಲಿ ಕೂರುವ, ನೂಲು ಸುತ್ತಿದ ಬೆರಳುದ್ದದ ಕೊಳವೆಗೆ ಕಂಡಿಕೆ ಎನ್ನುತ್ತೇವೆ. ಕಂಡಿಕೆ ಸುತ್ತುವುದು ಹೆಂಗಸರ ಕೆಲಸ. ರಾಟಿ ತಿರುಗಿಸುವ ಕೈ ಒಂದು, ನೂಲು ಹಿಡಿಯುವ ಕೈ ಒಂದು. ನಾನು ಏಳು ವರ್ಷದವಳಿದ್ದಾಗ ಶುರು ಮಾಡಿದ್ದು. ಮದುವೆಯಾಗಿ ಈ ಮನೆಗೆ ಬಂದ ಮಾರನೆಯ ದಿನವೂ ಸುತ್ತಿದ್ದೇನೆ, ಮಗ ಮಾಂತೇಶನನ್ನು ಹೆರುವ ದಿನವೂ ಸುತ್ತಿದ್ದೇನೆ. ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಓಣಿಯಲ್ಲಿ ಎಲ್ಲರೂ ಹಾಗೇ.

ಮಾಂತೇಶ ಮಗ್ಗ ಬೇಡವೆಂದು ಗ್ರಾನೈಟ್ ಕಲ್ಲಿನ ಫ್ಯಾಕ್ಟರಿ ಸೇರಿದ. ಬೆಳಗ್ಗೆ ಹೋದರೆ ಕಣ್ಣುರೆಪ್ಪೆಯವರೆಗೆ ಬಿಳಿ ಪುಡಿ ಮೆತ್ತಿಕೊಂಡು ಸಂಜೆ ಬರುತ್ತಿದ್ದ. ಸೊಸೆ ಶಾಂತಾ ಬಾದಾಮಿಯವಳು, ಕಲಿತವಳು. ಹುನಗುಂದದ ಹತ್ತಿರ ಒಂದು ಸಾಲೆಯಲ್ಲಿ ಮಾಸ್ತರಿಕೆ. ದಿನಾ ಎಂಟೂವರೆಯ ಬಸ್ಸಿಗೆ ಓಡುವಳು. ಅವರಿಬ್ಬರ ಮಗಳು ನೀಲಾ.

ನೀಲಾಗೆ ವರ್ಷ ತುಂಬಿದಾಗ ಮೊದಲ ಸಲ ಫಿಟ್ಸ್ ಬಂತು. ಜ್ವರವಿತ್ತು, ಜ್ವರದ್ದು ಎಂದುಕೊಂಡೆವು. ಎರಡನೆಯ ಸಲ ಜ್ವರವಿರಲಿಲ್ಲ. ನೆರೆಮನೆಯವಳೊಬ್ಬಳು ಉಳ್ಳಾಗಡ್ಡಿ ಮೂಸಿಸಿರಿ ಎಂದಳು. ಇನ್ನೊಬ್ಬಳು ಕೈಯಲ್ಲಿ ಕಬ್ಬಿಣ ಹಿಡಿಸಿರಿ ಎಂದಳು. ಬೇರೆಯವರ ಮೇಲೆ ಯಾಕೆ ಹಾಕಲಿ, ಹಲ್ಲು ಕಚ್ಚಿಕೊಂಡೀತೆಂದು ಬಾಯಲ್ಲಿ ಚಮಚ ತುರುಕಿದವಳು ನಾನೇ. ಬಾಗಲಕೋಟೆಯ ಮಕ್ಕಳ ಡಾಕ್ಟರು ಅದನ್ನು ಕೇಳಿ, "ಅಜ್ಜೀ, ಚಮಚ ಅನ್ನಕ್ಕ ಇಟ್ಕೋರಿ. ಫಿಟ್ಸ್ ಬಂದಾಗ ಕೂಸಿನ್ನ ಮಗ್ಗಲಾಗಿ ಹೊಳ್ಳಸ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ" ಎಂದರು. ಎಲ್ಲರ ಮುಂದೆ ಅಂದರು. ನನಗೆ ಸಿಟ್ಟು ಬಂತು. ಮಾತು ಸರಿಯಿತ್ತು, ಅದಕ್ಕೇ ಸಿಟ್ಟು ಹೆಚ್ಚು ಬಂತು.

ದಿನಕ್ಕೆ ಮೂರು ಹೊತ್ತು ಕೆಂಪು ಸಿಹಿ ಔಷಧ, ಮುಚ್ಚಳದ ಎರಡನೆಯ ಗೆರೆಯವರೆಗೆ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ. ಹೊತ್ತು ತಪ್ಪಬಾರದು. ಶಾಂತಾ ಒಂದು ನೋಟುಬುಕ್ಕಿಗೆ ಪಟ್ಟಿಯಿಟ್ಟು ಗೆರೆ ಎಳೆದು ಮನೆ ಮಾಡಿದಳು. ಔಷಧ ಕೊಟ್ಟಾಗಲೆಲ್ಲ ಅದರಲ್ಲಿ ಒಂದು ಗುರುತು. ಸಾಲೆಯ ಹಾಜರಿ ಪುಸ್ತಕದ ಹಾಗೆ ಇತ್ತು ಅದು. ಗೈರುಹಾಜರಿ ಒಂದೂ ಇರಲಿಲ್ಲ.

ಔಷಧ ಕುಡಿಸುವುದೇ ಒಂದು ಕಸುಬು ನೋಡಿ. ಸಿಹಿ ಇದ್ದರೇನಾಯಿತು, ದಿನಕ್ಕೆ ಮೂರು ಸಲ ಯಾರಿಗೆ ಬೇಕು? ತುಟಿ ಬಿಗಿ ಹಿಡಿಯುವುದು, ಕೆನ್ನೆಯಲ್ಲಿ ಇಟ್ಟುಕೊಂಡು ಆಮೇಲೆ ನನ್ನ ಸೆರಗಿನ ಮೇಲೆ ಫುರ್ರೆಂದು ಊದುವುದು. ಆ ವರ್ಷದ ನನ್ನ ಸೀರೆಗಳಿಗೆಲ್ಲ ಕೆಂಪು ಹೂವು. ಕೊನೆಗೆ ಒಂದು ಉಪಾಯ ನೀಲಾಳೇ ಕಂಡುಹಿಡಿದಳು. ಅಜ್ಜನ ಲಾಳಿ ದಿನವಿಡೀ ಅತ್ತ ಇತ್ತ ಓಡಿ ದಣಿಯುತ್ತದೆ, ಅದಕ್ಕೂ ಔಷಧ ಬೇಕು. ಮೊದಲು ಖಾಲಿ ಮುಚ್ಚಳ ಲಾಳಿಯ ಬಾಯಿಗೆ. ಆಮೇಲೆ ಅಜ್ಜನ ಬಾಯಿಗೆ. ಯಜಮಾನರು ಕಾಲು ನಿಲ್ಲಿಸದೆ ಬಾಯಿ ತೆರೆದು, "ಭಾಳ ಕಹಿ ಐತಿ ಬೇ ಯವ್ವಾ" ಎನ್ನಬೇಕು. ಆಗ ಆಕೆ ನಕ್ಕು, "ನಾ ಕುಡಿತೀನಿ ನೋಡು" ಎಂದು ಗಟಗಟ ಕುಡಿಯುವಳು. ಎರಡು ವರ್ಷದ ಕೂಸು ಅಜ್ಜನಿಗೆ ಧೈರ್ಯ ಹೇಳುತ್ತಿತ್ತು.

ಶಾಂತಾ ರಜೆ ಹಾಕಿ ಹಾಕಿ ಮುಗಿಸಿದ್ದಳು. ಬೇಸಿಗೆ ಸೂಟಿಯೂ ಮುಗಿಯಿತು. ಸಾಲೆ ಶುರುವಾಗುವ ಹಿಂದಿನ ದಿನ ನನ್ನನ್ನು ಗೋಡೆ ಗಡಿಯಾರದ ಕೆಳಗೆ ನಿಲ್ಲಿಸಿಕೊಂಡಳು.

"ಅತ್ಯಾರ, ಮಧ್ಯಾಹ್ನದ ಔಷಧ ನಿಮ್ಮ ಮ್ಯಾಲೈತ್ರಿ. ಇಲ್ಲಿ ನೋಡ್ರಿ, ಸಣ್ಣ ಮುಳ್ಳು..."

"ನನಗೇನ್ ಗಡಿಯಾರ ಗೊತ್ತಿಲ್ಲಂತ ಮಾಡೀಯೇನು?" ಎಂದೆ.

ಗೊತ್ತಿರಲಿಲ್ಲ. ಅಂಕಿ ಬರುತ್ತಿತ್ತು, ಮುಳ್ಳು ಬರುತ್ತಿರಲಿಲ್ಲ. ಸೀರೆಯ ಹಾಸಿನಲ್ಲಿ ಒಂದು ಎಳೆ ಕಡಿಮೆಯಾದರೂ ಬೆರಳಿನಲ್ಲೇ ಹಿಡಿಯುತ್ತಿದ್ದವಳಿಗೆ ಎರಡು ಮುಳ್ಳು ಏನು ಹೇಳುತ್ತವೆಂದು ತಿಳಿಯುತ್ತಿರಲಿಲ್ಲ. ಶಾಂತಾಗೆ ಇನ್ನೊಂದೇ ಒಂದು ಮಾತು ಮುಗಿಸಲು ಬಿಟ್ಟಿದ್ದರೆ ಆಗುತ್ತಿತ್ತು. ಸಣ್ಣದು ಇಲ್ಲಿ, ದೊಡ್ಡದು ಅಲ್ಲಿ, ಅಷ್ಟೇ. ಬಿಡಲಿಲ್ಲ ನಾನು. ಸೊಸೆಯ ಮುಂದೆ "ನನಗೆ ಬರುವುದಿಲ್ಲ" ಎನ್ನುವ ಮಾತು ನಮ್ಮ ಕಾಲದ ಅತ್ತೆಯರ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ನಮ್ಮ ಅತ್ತೆಯ ಬಾಯಲ್ಲೂ ನಾನು ಕೇಳಿರಲಿಲ್ಲ.

ಹಾಗೆಂದು ನಾನು ಬೇಜವಾಬ್ದಾರಿ ಇರಲಿಲ್ಲ. ನನ್ನ ಗಡಿಯಾರ ಬೇರೆ ಇತ್ತು. ಸೂಟಿಯಲ್ಲಿ ಶಾಂತಾ ಮನೆಯಲ್ಲಿದ್ದಾಗಲೇ ಗುರುತು ಇಟ್ಟಿದ್ದೆ: ರೊಟ್ಟಿ ಬಡಿದು, ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ರಾಟಿಗೆ ಕುಳಿತು ಮೂವತ್ತು ಕಂಡಿಕೆ ಸುತ್ತಿ ಮುಗಿಸುವಾಗ ಆಕೆ ಸರಿಯಾಗಿ ಬಾಟಲಿಯ ಮುಚ್ಚಳ ತಿರುವುತ್ತಿದ್ದಳು. ಒಂದು ದಿನ ಅಲ್ಲ, ದಿನಾ. ಆದ್ದರಿಂದ ಸಾಲೆ ಶುರುವಾದ ಮೇಲೆ ಮೂವತ್ತನೆಯ ಕಂಡಿಕೆ ಬುಟ್ಟಿಗೆ ಬಿದ್ದೊಡನೆ ನಾನು ಎದ್ದು ಔಷಧ ಹಾಕುತ್ತಿದ್ದೆ. ಲಾಳಿಗೆ, ಅಜ್ಜನಿಗೆ, ಕೂಸಿಗೆ. ನೋಟುಬುಕ್ಕಿನಲ್ಲಿ ಗುರುತು. ಸಂಜೆ ಶಾಂತಾ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುವಳು, "ಎಷ್ಟಕ್ಕ ಕೊಟ್ರಿ?" "ಎರಡಕ್ಕ." ಸುಳ್ಳೇನಲ್ಲ ಅದು. ಆಚೀಚೆ ಹತ್ತು ನಿಮಿಷ ಇದ್ದೀತು. ಆ ತಿಂಗಳೆಲ್ಲ ಕೂಸಿಗೆ ಒಂದು ಫಿಟ್ಸೂ ಬರಲಿಲ್ಲ. ಅಂಗಳದಲ್ಲಿ ಓಡುವುದನ್ನು ಕಲಿಯಿತು, ಓಡಿ ಓಡಿ ಬಾಗಿಲ ಹೊಸ್ತಿಲಿಗೆ ಎಡವಿ ಬೀಳುವುದನ್ನೂ ಕಲಿಯಿತು.

ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಸಾಲೆ ಶುರುವಾದ ಮೇಲೆ ಅದೇ ಮೊದಲ ಅಮಾವಾಸ್ಯೆ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ, ರಾಟಿ ತಿರುಗಿಸುವುದಿಲ್ಲ. ಇದು ನಾನು ಹುಟ್ಟುವ ಮೊದಲಿನಿಂದ ಬಂದದ್ದು. ಯಜಮಾನರು ಬೆಳಗ್ಗೆಯೇ ಬಿಳಿ ಅಂಗಿ ತೊಟ್ಟು ಕೂಡಲಸಂಗಮಕ್ಕೆ ಹೋದರು. ಮಾಂತೇಶ ಫ್ಯಾಕ್ಟರಿಗೆ, ಶಾಂತಾ ಬಸ್ಸಿಗೆ. ಮನೆಯಲ್ಲಿ ನಾನು, ನೀಲಾ ಮತ್ತು ಒಂದು ಬುಟ್ಟಿ ಕರಿಮಣ್ಣು. ಮೋಡ ಕವಿದಿತ್ತು, ಅಂಗಳದಲ್ಲಿ ನೆರಳು ಎಂಬುದೇ ಇರಲಿಲ್ಲ. ಮಣ್ಣು ಕಲಸಿ ಎತ್ತು ಮಾಡಲು ಕುಳಿತೆವು. ನಾನು ಎರಡು ಎತ್ತು ಮಾಡಿದೆ, ಜೋಳದ ಕಾಳಿನ ಕಣ್ಣು ಇಟ್ಟೆ. ನೀಲಾ ಒಂದು ಮಾಡಿದಳು. ಅದಕ್ಕೆ ಕಾಲು ಆರಿದ್ದವು.

"ಇದು ಯಾರ ಎತ್ತು?"

"ಆಯೀದು."

"ಆರು ಕಾಲು ಯಾಕ?"

"ಓಡತೈತಿ."

ಮುರಿಯುವುದು, ಮತ್ತೆ ಕಲಸುವುದು, ಮತ್ತೆ ಮಾಡುವುದು. ನಡುವೆ ಹೋಳಿಗೆಯ ಹೂರಣ ರುಬ್ಬಿದೆ. ಹಬ್ಬದ ಊಟ ಎಂದೂ ಹೊತ್ತಿಗೆ ಆಗುವುದಿಲ್ಲ, ಅಂದೂ ಆಗಲಿಲ್ಲ. ಮಸೀದಿಯ ಬಾಂಗ್ ಕೇಳಿಸಲಿಲ್ಲವೇ ಎಂದು ನೀವು ಕೇಳಬಹುದು. ಕೂಗಿರಬೇಕು. ಹುಟ್ಟಿದಾಗಿನಿಂದ ಕೇಳುವುದನ್ನು ಕಿವಿ ಕೇಳುವುದಿಲ್ಲ. ನನ್ನ ಕಿವಿ ಕಾಯುತ್ತಿದ್ದದ್ದು ರಾಟಿಯ ಸದ್ದನ್ನು. ರಾಟಿ ಗೋಡೆಗೆ ಒರಗಿತ್ತು. ಬುಟ್ಟಿಯಲ್ಲಿ ಒಂದು ಕಂಡಿಕೆಯೂ ಬಿದ್ದಿರಲಿಲ್ಲ. ಒಂದೂ ಬೀಳದ ದಿನ ನನ್ನ ಪಾಲಿಗೆ ಮಧ್ಯಾಹ್ನವೇ ಆಗಿರಲಿಲ್ಲ.

ನೀಲಾ ಆರು ಕಾಲಿನ ಎತ್ತನ್ನು ಹಿಡಿದು ನಿಂತಿದ್ದವಳು ಹಾಗೇ ನಿಂತಳು. ಕಣ್ಣು ಒಂದು ಕಡೆ ಹೋಯಿತು. ಬೀಳುವ ಮೊದಲು ಹಿಡಿದುಕೊಂಡೆ. ಮಗ್ಗುಲಿಗೆ ಹೊರಳಿಸಿದೆ. ಬಾಯಲ್ಲಿ ಏನೂ ಇಡಲಿಲ್ಲ, ಅಷ್ಟು ಬುದ್ಧಿ ಇತ್ತು. ಸಣ್ಣ ಕೈಯಲ್ಲಿ ಎತ್ತು ಹಿಸುಕಿಹೋಗಿ ಬೆರಳ ಸಂದಿಯಿಂದ ಮಣ್ಣು ಹೊರಗೆ ಬಂತು. ಎಷ್ಟು ಹೊತ್ತು ಹಾಗಿತ್ತೋ, ನನ್ನನ್ನು ಕೇಳಬೇಡಿ. ಹೊತ್ತಿನ ಲೆಕ್ಕಕ್ಕೆ ನನ್ನನ್ನು ಕೇಳುವುದು ಆ ದಿನಕ್ಕೆ ಮುಗಿಯಿತು.

ಫಿಟ್ಸ್ ಇನ್ನೂ ಪೂರಾ ನಿಂತಿರಲಿಲ್ಲ, ಶಾಂತಾ ಒಳಗೆ ಬಂದಳು. ಆಗಲೇ ಸಂಜೆಯಾಗಿದೆ ಎಂದು ನನಗೆ ತಿಳಿದದ್ದು ಆಕೆಯ ಮುಖ ನೋಡಿದ ಮೇಲೆ. ಚೀಲ ಎಸೆದು ಕೂಸಿನ ಪಕ್ಕ ಕುಳಿತು ಕೇಳಿದಳು.

"ಮಧ್ಯಾಹ್ನದ ಔಷಧ ಕೊಟ್ರಿಲ್ಲೋ?"

"ಕೊಟ್ಟೆ."

ಇದೇ ನಾನು ಹಾರಿಸುತ್ತಿದ್ದ ಜಾಗ. ನೀಲಾ ದೊಡ್ಡವಳಾದ ಮೇಲೆ ಎಷ್ಟೋ ಸಲ ಕತೆ ಹೇಳಿದ್ದೇನೆ: ಮರೆತೆ, ಫಿಟ್ಸ್ ಬಂತು, ಡಾಕ್ಟರಲ್ಲಿಗೆ ಹೋದೆವು. ನಡುವಿನ ಈ ಒಂದು ಮಾತು ಎಂದೂ ಹೇಳಲಿಲ್ಲ. ಶಾಂತಾ ದವಾಖಾನೆಗೆ ಹೋಗಲು ಕೂಸಿನ ಅಂಗಿ ಬದಲಿಸುತ್ತಿದ್ದಾಗ ನಾನು ಒಳಗೆ ಹೋಗಿ ನೋಟುಬುಕ್ಕಿನಲ್ಲಿ ಗುರುತೂ ಹಾಕಿದೆ. ನಾಲಿಗೆ ತಪ್ಪಿತು ಎನ್ನಬಹುದಿತ್ತು. ಕೈಯೂ ತಪ್ಪಿದ್ದರೆ ಏನೆನ್ನುವುದು?

ಇಳಕಲ್ಲಿನ ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟು, ನಾಳೆ ಬಾಗಲಕೋಟೆಯ ಡಾಕ್ಟರಿಗೆ ತೋರಿಸಿರಿ ಎಂದರು. ಅಲ್ಲಿಯ ನರ್ಸು ಕೂಸಿನ ಮುಷ್ಟಿ ಬಿಡಿಸಿ, "ಏನ್ ಹಿಡ್ಕೊಂಡೈತ್ರಿ ಇದು?" ಎಂದಳು. "ಎತ್ತು" ಎಂದೆ. ಆಕೆ ನನ್ನ ಮುಖ ನೋಡಿದಳು.

ಮರುದಿನ ಬೆಳಗ್ಗೆ ಬಾಗಲಕೋಟೆಗೆ ಹೋದೆವು, ನಾನು, ಶಾಂತಾ, ಕೂಸು. ಬರಬೇಡಿ ಎಂದು ಶಾಂತಾ ಅನ್ನಲಿಲ್ಲ, ಬರ್ರಿ ಎಂದೂ ಅನ್ನಲಿಲ್ಲ. ನಾನೇ ಹತ್ತಿದೆ. ಡಾಕ್ಟರ ಕೋಣೆಯಲ್ಲಿ ನೀಲಾ ಹಿಂದಿನ ದಿನ ಏನೂ ಆಗಿಲ್ಲ ಎನ್ನುವಂತೆ ಓಡಾಡುತ್ತ, ಮೇಜಿನ ಖಾನೆ ಎಳೆಯುತ್ತ, ತೂಕದ ಯಂತ್ರ ಹತ್ತಿ ಇಳಿಯುತ್ತ ಇದ್ದಳು. ಶಾಂತಾ ನೋಟುಬುಕ್ಕು ಮುಂದಿಟ್ಟಳು. ಡಾಕ್ಟರು ಬೆರಳು ಓಡಿಸಿದರು.

"ಒಂದು ಹೊತ್ತೂ ತಪ್ಪಿಲ್ಲ. ಹಿಂಗ ಕೊಟ್ಟ ಮ್ಯಾಲೂ ಬಂದದ ಅಂದ್ರ ಈ ಔಷಧ ಸಾಲೂದಿಲ್ರಿ ಟೀಚರ. ಇದನ್ನ ಹೆಚ್ಚಿಗಿ ಮಾಡಿ ಇನ್ನೊಂದು ಕೂಡಸಬೇಕಾಗತದ. ಮೊದಲಿಗೆ ಮಂಪರು ಬರತದ, ನಡಿಗಿ ವಾಲತದ. ಅಂಜಬ್ಯಾಡ್ರಿ."

ಶಾಂತಾ ತಲೆ ಅಲ್ಲಾಡಿಸಿದಳು. ಡಾಕ್ಟರು ಚೀಟಿ ಎಳೆದುಕೊಂಡು ಬರೆಯತೊಡಗಿದರು. ನಾನು ಆ ಪೆನ್ನನ್ನು ನೋಡಿದೆ. ಕೂಸನ್ನು ನೋಡಿದೆ. ಅದು ತೂಕದ ಯಂತ್ರದ ಮೇಲೆ ಕುಣಿಯುತ್ತಿತ್ತು. ನನ್ನ ಒಂದು ಗುರುತಿಗೆ ಅದು ನಾಳೆಯಿಂದ ವಾಲಬೇಕು.

"ತಡೀರಿ ಸಾಹೇಬ್ರ. ಬರೀಬ್ಯಾಡ್ರಿ. ನಿನ್ನಿ ಮಧ್ಯಾಹ್ನ ನಾ ಔಷಧ ಕೊಟ್ಟಿಲ್ಲ. ಆ ಗುರುತು ಸುಳ್ಳು."

ಶಾಂತಾ ನನ್ನ ಕಡೆ ತಿರುಗಲಿಲ್ಲ. ಡಾಕ್ಟರು ಕನ್ನಡಕ ತೆಗೆದರು. "ಯಾಕ ಕೊಡ್ಲಿಲ್ಲ?"

"ನಿನ್ನಿ ಅಮಾವಾಸಿ ಇತ್ರಿ."

"ಅಮಾವಾಸಿಗೆ ಔಷಧ ಕುಡಸೂದಿಲ್ಲೇನು?" ಡಾಕ್ಟರು ಮೇಜು ಬಡಿದರು. "ಇನ್ನೂ ಯಾವ ಕಾಲದಾಗ ಅದೀರಿ ಅಜ್ಜೀ ನೀವು?"

"ಔಷಧಕ್ಕ ಅಮಾವಾಸಿ ಇಲ್ರಿ, ರಾಟಿಗೈತಿ" ಎಂದೆ. ಆಮೇಲೆ ಎಲ್ಲ ಹೇಳಿದೆ. ಮೂವತ್ತು ಕಂಡಿಕೆ, ಮುಳ್ಳು ಬಾರದ್ದು, ಎಲ್ಲ. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿರಬೇಕು, ನನ್ನ ದನಿ ಸಣ್ಣದಲ್ಲ. ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದದ್ದು.

ಡಾಕ್ಟರು ಕನ್ನಡಕ ಮತ್ತೆ ಏರಿಸಿಕೊಂಡರು. ಬರೆದಿದ್ದ ಅರ್ಧ ಸಾಲನ್ನು ಹೊಡೆದು ಹಾಕಿದರು. "ಒಂದು ಹೊತ್ತು ತಪ್ಪಿದ್ರೂ ಕೆಲವು ಕೂಸುಗಳಿಗೆ ಬರತದ. ಮೊದಲಿನ ಔಷಧನಽ ಇರ್ಲಿ. ಟೀಚರ, ಒಂದೋ ನಿಮ್ಮತ್ತಿಗೆ ಗಡಿಯಾರ ಕಲಸ್ರಿ, ಇಲ್ಲಾ ಕೂಸಿನ್ನ ಬ್ಯಾರೆ ಯಾರಿಗರೆ ಒಪ್ಪಸ್ರಿ."

ವಾಪಸು ಬಸ್ಸಿನಲ್ಲಿ ಶಾಂತಾ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಕೂಸು ಅವಳ ತೊಡೆಯಿಂದ ನನ್ನ ತೊಡೆಗೆ, ನನ್ನ ತೊಡೆಯಿಂದ ಅವಳ ತೊಡೆಗೆ ಲಾಳಿಯ ಹಾಗೆ ಹೋಗಿ ಬರುತ್ತಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನವನು ಕಿಟಕಿಗೆ ಬಂದ. ಶಾಂತಾ ಕೊಂಡು ಕೂಸಿನ ಕೈಗೆ ಒಂದು ತುಂಡು ಕೊಟ್ಟಳು. ಆಮೇಲೆ ಮಾತಾಡಿದಳು.

"ಗಡಿಯಾರ ಬರೂದಿಲ್ಲಂದ್ರ ಬರೂದಿಲ್ಲ ಅನಬೇಕಾಗಿತ್ರಿ. ಮರ್ತಿದ್ರ ಮರ್ತೆ ಅನಬೇಕಾಗಿತ್ತು. ಗುರುತು ಯಾಕ ಹಾಕಿದ್ರಿ?"

ನಾನು ಕೂಸಿನ ಗಲ್ಲಕ್ಕೆ ಮೆತ್ತಿದ ಕರದಂಟಿನ ಬೆಲ್ಲವನ್ನು ಸೆರಗಿನಿಂದ ಒರೆಸಿದೆ.

"ಬರೋ ಐತವಾರ ನೀಲಾನ್ನ ಬಾದಾಮಿಗೆ ನಮ್ಮವ್ವನ ಹತ್ರ ಬಿಟ್ಟು ಬರ್ತೇನಿ. ಅಲ್ಲೀತನಕ ಮಾವನ್ನೋರು ಔಷಧ ಕೊಡ್ಲಿ."

ಮಾವನವರು! ಹಣೆಯ ಮೇಲೆ ಚಾಳೀಸಿನ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಅದನ್ನೇ ಹುಡುಕುವ ಮನುಷ್ಯ. ಬಾದಾಮಿಗಿಂತ ಆ ಮಾತು ಹೆಚ್ಚು ಚುಚ್ಚಿತು. "ಬಿಡು" ಎಂದೆ. ಅಳಲಿಲ್ಲ. ಅಳುವುದಕ್ಕೆ ನನಗೆ ಹಕ್ಕಿರಲಿಲ್ಲ, ತಪ್ಪು ನನ್ನದು. ಬಸ್ಸು ಹೊರಟಾಗ ನೀಲಾ ನನ್ನ ತೊಡೆ ಹತ್ತಿ, ಅರ್ಧ ಜಗಿದ ಕರದಂಟಿನ ಮುದ್ದೆಯನ್ನು ಬಾಯಿಂದ ತೆಗೆದು ನನ್ನ ತುಟಿಗೆ ಒತ್ತಿದಳು.

"ಆಯೀ, ಔಚದ. ಆ ಮಾಡು."

ಆ ಮಾಡಿದೆ. "ಭಾಳ ಕಹಿ ಐತಿ" ಎಂದೆ. ಕೂಸು ನಕ್ಕಿತು. ಶಾಂತಾ ನಗಲಿಲ್ಲ, ಆದರೆ ತಿರುಗಿ ನೋಡಿದಳು.

ಫಿಟ್ಸ್ ಆಮೇಲೂ ಮೂರ್ನಾಲ್ಕು ಸಲ ಬಂದವು. ಔಷಧ ತಪ್ಪಿ ಅಲ್ಲ. ಸಾಲೆಗೆ ಹೋಗುವ ವಯಸ್ಸಿಗೆ ಬರುವುದು ನಿಂತಿತು. ಡಾಕ್ಟರು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಔಷಧವನ್ನೂ ನಿಲ್ಲಿಸಿದರು. ಯಜಮಾನರು ಈಗಿಲ್ಲ, ಮಗ್ಗವೂ ಇಲ್ಲ. ನೀಲಾ ಬಸ್ಸಿನ ಕಂಡಕ್ಟರ್ ಆಗಿದ್ದಾಳೆ. ಇಳಕಲ್ಲಿನಿಂದ ಬಾಗಲಕೋಟೆಗೆ ಅದೇ ದಾರಿ. ನಿಮಿಷ ತಡವಾದರೆ ಡ್ರೈವರನಿಗೆ ಬೈಯುತ್ತಾಳಂತೆ, ದನಿ ನನ್ನದೇ. ಇಷ್ಟು ಬರೆದದ್ದನ್ನು ನಿನ್ನೆ ಆಕೆಯ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದಳು. ಸುಳ್ಳಿನ ಜಾಗಕ್ಕೆ ಬಂದಾಗ ಗೊತ್ತಾಯಿತು, ಅಲ್ಲಿ ಕಣ್ಣು ನಿಂತಿತು.

"ಅವ್ವ ಇದನ್ನ ನನಗ ಎಂದೂ ಹೇಳಿಲ್ಲಲ್ಲ, ಆಯಿ."

"ಹೇಳಿಲ್ಲ" ಎಂದೆ. ಇಪ್ಪತ್ತಮೂರು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದೇವೆ ನಾನೂ ಶಾಂತಾಳೂ. ಜಗಳ ಆಡದ ವಿಷಯವಿಲ್ಲ. ಈ ಮಾತನ್ನು ಮಾತ್ರ ಆಕೆ ಒಮ್ಮೆಯೂ ಎತ್ತಲಿಲ್ಲ.

ನೀಲಾ ಎರಡು ಒತ್ತಕ್ಷರ ತಿದ್ದಿದಳು. ಡ್ಯೂಟಿಗೆ ಹೊರಡುವಾಗ ಕೆಂಪು ನೂಲಿನ ಮುಚ್ಚಳವನ್ನು ತನ್ನ ಟಿಕೀಟಿನ ಚೀಲಕ್ಕೆ ಹಾಕಿಕೊಂಡಳು. ಕೇಳಲಿಲ್ಲ. ನಾನೂ ಕೈ ಮುರಿಯಲಿಲ್ಲ.

ಇನ್ನು ಉಳಿದದ್ದು ಬಾಗಲಕೋಟೆಯಿಂದ ಬಂದ ಮರುದಿನದ ಬೆಳಗು, ಬಾದಾಮಿಯ ಮಾತು ಬಿದ್ದುಹೋದ ಬೆಳಗು. ಶಾಂತಾ ಬಸ್ಸಿಗೆ ಹೊರಟು ಹೆಗಲಿಗೆ ಚೀಲ ಹಾಕಿದ್ದಳು. ನಾನು ಮಣೆಯ ಮೇಲೆ ನಿಂತು ಗೋಡೆಯಿಂದ ಗಡಿಯಾರ ಇಳಿಸಿ, ಸೆರಗಿನಿಂದ ಒರೆಸಿ, ಆಕೆಯ ಮುಂದೆ ನೆಲದ ಮೇಲೆ ಇಟ್ಟು ಕುಳಿತೆ.

"ಶಾಂತವ್ವಾ, ನನಗ ಇದು ಬರೂದಿಲ್ಲ. ಸಾಲ್ಯಾಗ ಹುಡುಗರಿಗೆ ಹೆಂಗ ಕಲಸ್ತಿ, ಹಂಗ ಕಲಸು. ಬಡಿಯೂದಿದ್ರ ಬಡಿ."

ಆಕೆ ತನ್ನ ಕೈಗಡಿಯಾರ ನೋಡಿಕೊಂಡಳು. ಬಾಗಿಲು ನೋಡಿದಳು. ಆಮೇಲೆ ಚೀಲ ಇಳಿಸಿ ನನ್ನೆದುರು ಕುಳಿತು, ಗಡಿಯಾರದ ಬೆನ್ನಿನ ತಿರುಪು ಹಿಡಿದು ಮುಳ್ಳುಗಳನ್ನು ಹನ್ನೆರಡಕ್ಕೆ ತಂದಳು. ಒಂದು ಮಾಡಿದಳು, ಎರಡು ಮಾಡಿದಳು, ಅರ್ಧ ಮಾಡಿದಳು, ಪಾವು ಮಾಡಿದಳು. ನಾನು ತಪ್ಪು ಹೇಳಿದಾಗ, "ಮತ್ತ ನೋಡ್ರಿ" ಎಂದಳು, ಬಡಿಯಲಿಲ್ಲ. ನೀಲಾ ಮುಚ್ಚಳ ತಂದು ದೊಡ್ಡ ಮುಳ್ಳಿಗೆ ಔಷಧ ಕುಡಿಸಿದಳು. ಕೊನೆಗೆ ಶಾಂತಾ ಕೈಗಡಿಯಾರ ನೋಡಿ ಮುಳ್ಳು ಸರಿಮಾಡಿ, ಗಡಿಯಾರವನ್ನು ನನ್ನ ಕಡೆ ತಿರುಗಿಸಿದಳು.

"ಈಗ ಎಷ್ಟಾತು, ನೀವಽ ಹೇಳ್ರಿ."

ಸಣ್ಣದು ಒಂಬತ್ತರ ಹತ್ತಿರ, ಇನ್ನೂ ಮುಟ್ಟಿಲ್ಲ. ದೊಡ್ಡದು ಹತ್ತರ ಮೇಲೆ. "ಒಂಬತ್ತಕ್ಕ ಹತ್ತು ಕಮ್ಮಿ" ಎಂದೆ.

ಸರಿಯಾಗಿತ್ತು. ಹುನಗುಂದದ ಬಸ್ಸು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಅದನ್ನೂ ನಾನೇ ಓದಿಕೊಂಡೆ.